ಲೈಬ್ರರಿ ಫಂಕ್ಷನ್ನೋ, ನಾವೇ ಬರೆದ ಕೋಡೋ? ಸಿ ಪ್ರೋಗ್ರಾಮರ್‌ಗಳ ಮುಂದೆ ಆಡಿದ ಮಾತು

(ಯುವ ಪ್ರೋಗ್ರಾಮರ್‌ಗಳಿಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಸ್ಲೈಡ್‌ಗಳಲ್ಲಿದ್ದ ಕೋಡ್ ಇಲ್ಲಿಲ್ಲ. ಅದನ್ನು ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಬಹಳ ಜನ ಎಂಜಿನಿಯರಿಂಗ್ ಕಾಲೇಜಿನ ಸಿ ಲ್ಯಾಬ್ ದಾಟಿ ಬಂದವರು. ಆ ಲ್ಯಾಬ್‌ನ ಹಳೇ ಪ್ರಶ್ನೆ ನಿಮಗೆ ನೆನಪಿರಬೇಕು: ‘ಲೈಬ್ರರಿ ಫಂಕ್ಷನ್ ಬಳಸದೆ ಸ್ಟ್ರಿಂಗ್‌ನ ಉದ್ದ ಕಂಡುಹಿಡಿಯಿರಿ.’ ಒಂದು ವೈಲ್ ಲೂಪ್, ಒಂದು ಕೌಂಟರ್, ಮುಗಿಯಿತು. ಆಮೇಲೆ ಕೆಲಸಕ್ಕೆ ಸೇರಿ ಅದೇ ಲೂಪ್ ಬರೆದರೆ ಕೋಡ್ ರಿವ್ಯೂನಲ್ಲಿ ಸೀನಿಯರ್ ಕೇಳುತ್ತಾರೆ: ‘ಸ್ಟ್ರ್‌ಲೆನ್ ಇದೆಯಲ್ಲಪ್ಪ, ಇದ್ಯಾಕೆ ಬರೆದೆ?’ ಕಾಲೇಜಿನಲ್ಲಿ ಮಾರ್ಕ್ಸ್ ತಂದುಕೊಟ್ಟದ್ದಕ್ಕೆ ಆಫೀಸಿನಲ್ಲಿ ಬೈಗುಳ.

ಈ ವಿಷಯದಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡ ‘ಲೈಬ್ರರಿಯಲ್ಲಿದ್ದರೆ ಕಣ್ಣು ಮುಚ್ಚಿ ಬಳಸು’ ಅನ್ನುತ್ತದೆ. ಇನ್ನೊಂದು ‘ಲೈಬ್ರರಿ ಎಲ್ಲರಿಗೂ ಹೊಂದುವ ಹಾಗೆ ಬರೆದದ್ದು, ನಾನೇ ಬರೆದರೆ ಫಾಸ್ಟ್’ ಅನ್ನುತ್ತದೆ. ಎರಡೂ ಕಡೆಯವರು ಗಂಟೆಗಟ್ಟಲೆ ವಾದ ಮಾಡುವುದನ್ನು ಕೇಳಿದ್ದೇನೆ. ಆ ಫಂಕ್ಷನ್‌ನ ಮ್ಯಾನ್ ಪೇಜನ್ನು, ಅಂದರೆ ಅದರ ಕೈಪಿಡಿಯ ಪುಟವನ್ನು, ಪೂರ್ತಿ ಓದಿ ವಾದಕ್ಕೆ ಕೂತವರು ಕಡಿಮೆ.

ಬಾಡಿಗೆ ಮನೆಗೆ ಹೋಗುವಾಗ ಕರಾರುಪತ್ರ ಮಾಡಿಕೊಳ್ಳುತ್ತೇವೆ, ಅಲ್ವಾ? ಅದರಲ್ಲಿ ಬರೆದದ್ದು ಬೇರೆ. ಓನರ್ ಸುಮ್ನೆ ನಡೆಸಿಕೊಂಡು ಬಂದದ್ದು ಬೇರೆ. ಎರಡನೇ ಬೈಕ್ ನಿಲ್ಲಿಸಲು ಮೂರು ವರ್ಷ ಬಿಟ್ಟರು ಅಂತ ಅದು ನಮ್ಮ ಹಕ್ಕಾಗುವುದಿಲ್ಲ. ಲೈಬ್ರರಿ ಫಂಕ್ಷನ್‌ಗೂ ಹೀಗೇ ಒಂದು ಕರಾರು ಇದೆ. ಸಿ ಸ್ಟ್ಯಾಂಡರ್ಡ್‌ನಲ್ಲಿ, ಅಂದರೆ ಸಿ ಭಾಷೆಯ ಅಧಿಕೃತ ನಿಯಮಪುಸ್ತಕದಲ್ಲಿ, ಬರೆದಿರುವುದು ಕರಾರು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇವತ್ತು ಅದು ಹೇಗೆ ನಡೆದುಕೊಳ್ಳುತ್ತಿದೆ ಅನ್ನುವುದು ಕರಾರಿನ ಹೊರಗಿನ ಮಾತು. ಲೈಬ್ರರಿಯೋ ಸ್ವಂತ ಕೋಡೋ ಅನ್ನುವ ಪ್ರಶ್ನೆಗೆ ಮೊದಲು ‘ಕರಾರಿನಲ್ಲಿ ಏನಿದೆ, ನನಗೆ ಬೇಕಾದದ್ದು ಏನು’ ಅಂತ ಕೇಳಿಕೊಳ್ಳಬೇಕು. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತವೇ.

ಮೊದಲು ಸ್ಟ್ರ್‌ಲೆನ್ ಮುಗಿಸಿಬಿಡೋಣ. ಲ್ಯಾಬ್‌ನ ಲೂಪ್ ಒಂದು ಸಲಕ್ಕೆ ಒಂದು ಬೈಟ್ ನೋಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಜಿಲಿಬ್‌ಸಿ ಲೈಬ್ರರಿಯ ಸ್ಟ್ರ್‌ಲೆನ್ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ 16 ಅಥವಾ 32 ಬೈಟ್‌ಗಳನ್ನು ಒಟ್ಟಿಗೇ ನೋಡುತ್ತದೆ. ಯಾವ ಸಿಪಿಯು ಮೇಲೆ ಓಡುತ್ತಿದ್ದೇನೆ ಅಂತ ನೋಡಿಕೊಂಡು ಅದಕ್ಕೆ ತಕ್ಕ ಅಸೆಂಬ್ಲಿ ಆವೃತ್ತಿಯನ್ನು ಆರಿಸಿಕೊಳ್ಳುತ್ತದೆ. ಇದರ ಜೊತೆ ಸ್ಪರ್ಧೆಗೆ ಇಳಿಯುವುದು ಸುಮ್ನೆ ದಂಡ.

ಇನ್ನೂ ಒಂದು ವಿಷಯ ಇದೆ. ಸ್ಟ್ಯಾಂಡರ್ಡ್ ಫಂಕ್ಷನ್‌ಗಳ ಅರ್ಥ ಕಂಪೈಲರ್‌ಗೂ ಗೊತ್ತು. ಸ್ಟ್ರ್‌ಲೆನ್‌ಗೆ ಕೋಟ್ ಒಳಗಿನ ಪದವನ್ನೇ ಕೊಟ್ಟರೆ ಜಿಸಿಸಿ ಅನ್ನುವ ಕಂಪೈಲರ್ ಕಂಪೈಲ್ ಮಾಡುವಾಗಲೇ ಎಣಿಸಿ, ಕರೆಯ ಜಾಗದಲ್ಲಿ ಸಂಖ್ಯೆ ಇಟ್ಟುಬಿಡುತ್ತದೆ. ಪ್ರಿಂಟ್‌ಎಫ್‌ನಲ್ಲಿ ಬರೀ ಒಂದು ಸಾಲು, ಕೊನೆಗೊಂದು ನ್ಯೂಲೈನ್ ಇದ್ದರೆ ಅದನ್ನು ಪುಟ್ಸ್ ಆಗಿ ಬದಲಿಸುತ್ತದೆ. ‘ಮೈ_ಸ್ಟ್ರ್‌ಲೆನ್’ ಅಂತ ನೀವು ಬರೆದ ಫಂಕ್ಷನ್‌ಗೆ ಇಂಥ ಸವಲತ್ತನ್ನು ಗ್ಯಾರಂಟಿಯಾಗಿ ನಂಬಿಕೊಳ್ಳಲು ಬರುವುದಿಲ್ಲ.

ಇದರಿಂದ ಒಂದು ತಮಾಷೆಯೂ ಆಗುತ್ತದೆ. ಬೇರ್ ಮೆಟಲ್, ಅಂದರೆ ಆಪರೇಟಿಂಗ್ ಸಿಸ್ಟಂ ಇಲ್ಲದ, ಬೋರ್ಡಿಗೆ ಕೋಡ್ ಬರೆಯುವವರು ಮೆಮ್‌ಸೆಟ್ಟನ್ನು ತಾವೇ ಬರೆದುಕೊಳ್ಳುತ್ತಾರೆ. ಒಳಗೆ ಒಂದು ಸರಳ ಲೂಪ್: ಪ್ರತಿ ಬೈಟ್‌ಗೂ ಒಂದೇ ಬೆಲೆ ತುಂಬುವುದು. ಆಪ್ಟಿಮೈಸೇಷನ್ ಆನ್ ಮಾಡಿದರೆ ಜಿಸಿಸಿ ಆ ಲೂಪ್ ನೋಡಿ ‘ಓಹೋ, ಇದು ಮೆಮ್‌ಸೆಟ್ ಕೆಲಸ’ ಅಂತ ಗುರುತಿಸಿ, ಲೂಪ್ ತೆಗೆದು ಅಲ್ಲಿ ಮೆಮ್‌ಸೆಟ್ ಕರೆ ಹಾಕಬಹುದು. ಆಗ ಮೆಮ್‌ಸೆಟ್ ತನ್ನನ್ನೇ ತಾನು ಕರೆದುಕೊಳ್ಳುತ್ತದೆ. ಬೋರ್ಡ್ ಹ್ಯಾಂಗ್. ಇದನ್ನು ತಡೆಯಲು ಜಿಸಿಸಿಯಲ್ಲಿ ಪ್ರತ್ಯೇಕ ಆಯ್ಕೆಯೇ ಇದೆ. ಜಿಲಿಬ್‌ಸಿ ಬರೆಯುವವರೂ ತಮ್ಮ ಕೆಲವು ಫಂಕ್ಷನ್‌ಗಳಿಗೆ ಅದನ್ನು ಹಾಕಿಕೊಳ್ಳುತ್ತಾರೆ.

ಹೆಸರು ನೋಡಿ ಮೋಸ ಹೋಗಬೇಡಿ

ಹಾಗಾದರೆ ಲೈಬ್ರರಿಗೆ ಜೈ ಅಂದುಬಿಡೋಣವೇ? ತಾಳಿ. ಒಂದು ಸಾಲು ಓದಿಕೊಳ್ಳುವ ಗೆಟ್ಸ್ ಕೂಡ ಲೈಬ್ರರಿಯದ್ದೇ ಫಂಕ್ಷನ್. ಓದಿದ್ದನ್ನು ತುಂಬುವ ಜಾಗ, ಅಂದರೆ ಬಫರ್, ಎಷ್ಟು ದೊಡ್ಡದು ಅಂತ ಅದಕ್ಕೆ ಹೇಳುವ ದಾರಿಯೇ ಇರಲಿಲ್ಲ. ಬಂದಷ್ಟನ್ನೂ ತುಂಬುತ್ತಾ ಹೋಗುವುದು ಅದರ ಕೆಲಸ. 1988ರ ನವೆಂಬರ್ 2ರಂದು ಇಂಟರ್‌ನೆಟ್‌ಗೆ ಬಿಟ್ಟ, ತಾನಾಗಿಯೇ ಹರಡುವ ಮಾರಿಸ್ ವರ್ಮ್ ಅನ್ನುವ ಪ್ರೋಗ್ರಾಂ ಹರಡಿದ ದಾರಿಗಳಲ್ಲಿ ಇದೂ ಒಂದು. ಫಿಂಗರ್ ಅನ್ನುವ ಸರ್ವರ್ ಪ್ರೋಗ್ರಾಂ 512 ಬೈಟ್‌ನ ಬಫರ್‌ಗೆ ಗೆಟ್ಸ್ ಮೂಲಕ ಓದುತ್ತಿತ್ತು. ವರ್ಮ್ 536 ಬೈಟ್ ಕಳಿಸಿತು. ಅಷ್ಟು ಸಾಕಾಯಿತು. ಇಷ್ಟಾದ ಮೇಲೂ ಗೆಟ್ಸನ್ನು ಸ್ಟ್ಯಾಂಡರ್ಡ್‌ನಿಂದ ಕಿತ್ತುಹಾಕಿದ್ದು ಸಿ11ರಲ್ಲಿ, ಅಂದರೆ 2011ರಲ್ಲಿ. ಸ್ಟ್ಯಾಂಡರ್ಡ್‌ನಲ್ಲಿದೆ ಅಂದಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಹಳೆಯ ಕೋಡ್ ಒಡೆಯಬಾರದು ಅಂತ ಎಷ್ಟೋ ಫಂಕ್ಷನ್‌ಗಳನ್ನು ಅಲ್ಲಿ ಉಳಿಸಿಕೊಂಡಿರುತ್ತಾರೆ.

ಸ್ಟ್ರ್‌ಎನ್‌ಕಾಪಿ ಇನ್ನೂ ಕಪಟಿ. ಹೆಸರು ನೋಡಿದರೆ ‘ಸ್ಟ್ರ್‌ಕಾಪಿಯ ಸೇಫ್ ಆವೃತ್ತಿ’ ಅನ್ನಿಸುತ್ತದೆ. ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಹಳೆಯ ಯುನಿಕ್ಸ್‌ನಲ್ಲಿ ಡೈರೆಕ್ಟರಿಯ ಒಂದೊಂದು ದಾಖಲೆಗೆ 16 ಬೈಟ್ ಜಾಗ. ಎರಡು ಬೈಟ್ ಫೈಲನ್ನು ಗುರುತಿಸುವ ಐನೋಡ್ ಸಂಖ್ಯೆಗೆ, ಉಳಿದ 14 ಫೈಲ್ ಹೆಸರಿಗೆ. ಹೆಸರು ಚಿಕ್ಕದಿದ್ದರೆ ಉಳಿದ ಜಾಗಕ್ಕೆ ಸೊನ್ನೆ ತುಂಬಬೇಕು. ಸರಿಯಾಗಿ 14 ಇದ್ದರೆ ಕೊನೆಗೆ ನಲ್, ಅಂದರೆ ಸ್ಟ್ರಿಂಗ್ ಮುಗಿಯಿತು ಅಂತ ತೋರಿಸುವ ಸೊನ್ನೆ ಬೈಟ್, ಬೇಕಿಲ್ಲ. ಸ್ಟ್ರ್‌ಎನ್‌ಕಾಪಿ ಇವತ್ತಿಗೂ ಅದನ್ನೇ ಮಾಡುತ್ತದೆ. ಜಾಗ ಸಾಲದಿದ್ದರೆ ನಲ್ ಹಾಕುವುದಿಲ್ಲ. ಜಾಗ ಜಾಸ್ತಿ ಇದ್ದರೆ ಕೊನೆಯವರೆಗೂ ಸೊನ್ನೆ ತುಂಬುತ್ತದೆ. 4 ಕೆಬಿ ಬಫರ್‌ಗೆ ಐದಕ್ಷರದ ಹೆಸರು ಕಾಪಿ ಮಾಡಿದರೆ ನಾಲ್ಕು ಸಾವಿರ ಚಿಲ್ಲರೆ ಸೊನ್ನೆ ಬರೆಯುವ ದಂಡದ ಕೆಲಸ. ಅದರ ತಪ್ಪೇನಿಲ್ಲ ಬಿಡಿ. ಅದರ ಕರಾರು ಓದದೆ ನಾವು ಬಳಸಿದೆವು.

ಈ ಗೊಂದಲಕ್ಕೆ ಉತ್ತರವಾಗಿ ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂನವರು 1998ರಲ್ಲಿ ಸ್ಟ್ರ್‌ಎಲ್‌ಕಾಪಿ ತಂದರು. ಬಫರ್‌ಗೆ ಅಳತೆ ಕೊಟ್ಟರೆ ಅದರೊಳಗೇ ಇರುತ್ತದೆ, ಕೊನೆಗೆ ನಲ್ ಹಾಕಿಯೇ ಹಾಕುತ್ತದೆ. ಜಿಲಿಬ್‌ಸಿಯವರು ಇದನ್ನು ವರ್ಷಾನುಗಟ್ಟಲೆ ಒಪ್ಪಲಿಲ್ಲ. ಕೊನೆಗೆ 2023ರ 2.38 ಆವೃತ್ತಿಯಲ್ಲಿ ಸೇರಿಸಿಕೊಂಡರು. ಈ ನಡುವಿನ 25 ವರ್ಷ ಎಷ್ಟೋ ಪ್ರಾಜೆಕ್ಟ್‌ಗಳು ತಮ್ಮ ತಮ್ಮ ಸೋರ್ಸ್‌ನಲ್ಲಿ ಸ್ಟ್ರ್‌ಎಲ್‌ಕಾಪಿಯ ಒಂದೊಂದು ಪ್ರತಿ ಇಟ್ಟುಕೊಂಡು ಓಡಾಡಿದವು. ಅವರು ಸ್ವಂತ ಕೋಡ್ ಬರೆದದ್ದು ಸರಿಯೇ ಇತ್ತು ಅಂತ ನನ್ನ ಅಭಿಪ್ರಾಯ. ಬೇಕಾದ ಕರಾರಿನ ಫಂಕ್ಷನ್ ಲೈಬ್ರರಿಯಲ್ಲಿ ಇರಲಿಲ್ಲ, ಅಷ್ಟೇ.

ಆದರೆ ಸ್ಟ್ರ್‌ಎಲ್‌ಕಾಪಿಯೂ ಎಲ್ಲರಿಗೂ ಆಗಿಬರಲಿಲ್ಲ. ಅದು ಮೂಲ ಸ್ಟ್ರಿಂಗ್‌ನ ಪೂರ್ತಿ ಉದ್ದವನ್ನು ವಾಪಸ್ ಕೊಡಬೇಕು. ಹಾಗಾಗಿ ಬಫರ್ ಎಷ್ಟೇ ಚಿಕ್ಕದಿದ್ದರೂ ಮೂಲವನ್ನು ಕೊನೆಯವರೆಗೆ ಓದುತ್ತದೆ. ಮೂಲದಲ್ಲಿ ನಲ್ ಇದೆಯೋ ಇಲ್ಲವೋ ಅಂತ ನಂಬಲಾಗದ ಕಡೆ ಇದು ಅಪಾಯ. ಲಿನಕ್ಸ್ ಕರ್ನಲ್‌ನವರು ಅದಕ್ಕೇ ಸ್ಟ್ರ್‌ಎಸ್‌ಕಾಪಿ ಅಂತ ತಮ್ಮದೇ ಫಂಕ್ಷನ್ ಮಾಡಿಕೊಂಡು, 2024ರ ಹೊತ್ತಿಗೆ ಕರ್ನಲ್‌ನಿಂದ ಸ್ಟ್ರ್‌ಎಲ್‌ಕಾಪಿಯನ್ನು ಪೂರ್ತಿ ತೆಗೆದರು.

ಕರಾರಿನ ಹೊರಗೆ ನಡೆದ ಎರಡು ಜಗಳ

ಈಗ ನನಗೆ ಬಹಳ ಇಷ್ಟವಾದ ಒಂದು ಜಗಳ ಹೇಳುತ್ತೇನೆ. 2010ರ ಕೊನೆಯಲ್ಲಿ ಫೆಡೋರಾ 14 ಲಿನಕ್ಸ್ ಬಳಸುವವರಿಗೆ ಆಗ ಬ್ರೌಸರ್‌ನಲ್ಲಿ ಹಾಡು, ವಿಡಿಯೊ ನಡೆಸುತ್ತಿದ್ದ ಅಡೋಬಿ ಫ್ಲ್ಯಾಶ್‌ನಲ್ಲಿ ಹಾಡು ಕೇಳಿದರೆ ಸದ್ದು ಕರಕರ ಅನ್ನತೊಡಗಿತು. ಫ್ಲ್ಯಾಶ್ ಬದಲಾಗಿರಲಿಲ್ಲ. ಬದಲಾದದ್ದು ಜಿಲಿಬ್‌ಸಿಯ ಮೆಮ್‌ಕಾಪಿ. ಕೆಲವು ಹೊಸ ಪ್ರೊಸೆಸರ್‌ಗಳಲ್ಲಿ ವೇಗವಾಗಲಿ ಅಂತ ಅದನ್ನು ಕೊನೆಯಿಂದ ಶುರುವಿನ ಕಡೆಗೆ ಕಾಪಿ ಮಾಡುವ ಹಾಗೆ ಬರೆದಿದ್ದರು.

ಮೆಮ್‌ಕಾಪಿಯ ಕರಾರು ಸ್ಪಷ್ಟ. ಮೂಲ ಜಾಗ, ಹೋಗಬೇಕಾದ ಜಾಗ ಒಂದರ ಮೇಲೊಂದು ಬರಬಾರದು. ಬಂದರೆ ಏನಾಗುತ್ತದೋ ಹೇಳಲಾಗದು. ಹಾಗೆ ಬರುವ ಕಡೆ ಮೆಮ್‌ಮೂವ್ ಬಳಸಬೇಕು. ಫ್ಲ್ಯಾಶ್ ಮಾತ್ರ ಒಂದರ ಮೇಲೊಂದು ಬರುವ ಜಾಗಗಳಿಗೂ ಮೆಮ್‌ಕಾಪಿಯನ್ನೇ ಬಳಸುತ್ತಿತ್ತು. ಶುರುವಿನಿಂದ ಕೊನೆಯ ಕಡೆಗೆ ಕಾಪಿಯಾಗುತ್ತಿದ್ದಷ್ಟು ಕಾಲ ನಡೆಯಿತು. ದಿಕ್ಕು ಬದಲಾದ ದಿನ ಸದ್ದು ಕೆಟ್ಟಿತು.

ಲೈಬ್ರರಿಯ ಕಡೆಯವರು ‘ತಪ್ಪು ಫ್ಲ್ಯಾಶ್‌ನದು, ಸ್ಟ್ಯಾಂಡರ್ಡ್ ನೋಡಿ’ ಅಂದರು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದೇ ಬಗ್ ರಿಪೋರ್ಟ್‌ಗೆ ಬಂದು, ಬಳಸುವವರಿಗೆ ತೊಂದರೆಯಾಗುತ್ತಿದ್ದರೆ ಸ್ಟ್ಯಾಂಡರ್ಡ್ ತೋರಿಸಿ ಏನು ಪ್ರಯೋಜನ ಅನ್ನುವ ಧಾಟಿಯಲ್ಲಿ ವಾದಿಸಿದರು. ಕೊನೆಗೆ ಜಿಲಿಬ್‌ಸಿ 2.14ರಲ್ಲಿ ಮಧ್ಯದ ದಾರಿ ಹಿಡಿದರು. ಹಳೆಯ ಪ್ರೋಗ್ರಾಂಗಳಿಗೆ ಮೆಮ್‌ಮೂವ್ ಹಾಗೆ ನಡೆಯುವ ಹಳೇ ಮೆಮ್‌ಕಾಪಿ. ಹೊಸದಾಗಿ ಲಿಂಕ್ ಮಾಡಿದವರಿಗೆ ಹೊಸ ಮೆಮ್‌ಕಾಪಿ.

ಯಾರ ಕಡೆ ನ್ಯಾಯ? ಲೈಬ್ರರಿ ಬರೆಯುವವನ ಜಾಗದಲ್ಲಿ ನಿಂತರೆ ಟೊರ್ವಾಲ್ಡ್ಸ್ ಹೇಳಿದ್ದು ಸರಿ ಅನ್ನಿಸುತ್ತದೆ. ಲೈಬ್ರರಿ ಬಳಸುವವರು ನಾವು. ನಮ್ಮ ಬಗ್‌ನಿಂದ ನಮ್ಮನ್ನು ಉಳಿಸಲು ಟೊರ್ವಾಲ್ಡ್ಸ್ ಪ್ರತಿ ಸಲ ಬರುವುದಿಲ್ಲ.

ಎರಡನೇ ಜಗಳ ದಾಖಲೆಗಳನ್ನು ಕ್ರಮವಾಗಿ ಜೋಡಿಸುವ ಕ್ಯೂಸಾರ್ಟ್‌ನದು. ಹೆಸರಿನಲ್ಲಿ ಕ್ಯೂ ಇದೆ, ಹಾಗಾಗಿ ಕ್ವಿಕ್‌ಸಾರ್ಟ್ ಅಂದುಕೊಳ್ಳುತ್ತೇವೆ. ಸ್ಟ್ಯಾಂಡರ್ಡ್ ಹಾಗೇನೂ ಹೇಳುವುದಿಲ್ಲ. ಯಾವ ಅಲ್ಗಾರಿದಂ ಅಂತ ಹೇಳುವುದಿಲ್ಲ, ಎಷ್ಟು ಹೊತ್ತು ಹಿಡಿಯುತ್ತದೆ ಅಂತಲೂ ಹೇಳುವುದಿಲ್ಲ. ಸಮನಾದ ಎರಡು ದಾಖಲೆಗಳು ಮೊದಲಿದ್ದ ಕ್ರಮದಲ್ಲೇ ಉಳಿಯುತ್ತವೆ ಅಂತಲೂ ಮಾತು ಕೊಡುವುದಿಲ್ಲ. ಜಿಲಿಬ್‌ಸಿಯಲ್ಲಿ ಮಾತ್ರ ಬಹಳ ವರ್ಷ ಒಳಗಡೆ ಮರ್ಜ್‌ಸಾರ್ಟ್ ಇತ್ತು. ಹಾಗಾಗಿ ಸಾಮಾನ್ಯವಾಗಿ ಕ್ರಮ ಉಳಿಯುತ್ತಿತ್ತು. ಅರೇ ತೀರಾ ದೊಡ್ಡದಾಗಿ ಮೆಮೊರಿ ಸಾಲದಿದ್ದರೆ ಅದೇ ಕ್ಯೂಸಾರ್ಟ್ ಸದ್ದಿಲ್ಲದೆ ಕ್ವಿಕ್‌ಸಾರ್ಟ್‌ಗೆ ಹೊರಳುತ್ತಿತ್ತು. ಆಗ ಕ್ರಮ ಉಳಿಯುತ್ತಿರಲಿಲ್ಲ. ಟೆಸ್ಟ್‌ನ ಪುಟ್ಟ ಡೇಟಾಕ್ಕೆ ಸರಿ, ಗಿರಾಕಿಯ ದೊಡ್ಡ ಡೇಟಾಕ್ಕೆ ತಪ್ಪು. ಇಂಥ ಬಗ್ ಹುಡುಕುವವರ ಗತಿ ಯೋಚಿಸಿ.

2023ರಲ್ಲಿ ಜಿಲಿಬ್‌ಸಿಯವರು ಆ ಮರ್ಜ್‌ಸಾರ್ಟ್ ತೆಗೆದರು. ಕರಾರಿನಲ್ಲಿ ಇಲ್ಲದ ಕ್ರಮವನ್ನು ನಂಬಿಕೊಂಡಿದ್ದ ಪ್ರೋಗ್ರಾಂಗಳು ಎಡವತೊಡಗಿದವು. 2024ರ ಜನವರಿ ಕೊನೆಗೆ 2.39 ಹೊರಬರುವಷ್ಟರಲ್ಲಿ ಮರ್ಜ್‌ಸಾರ್ಟ್ ವಾಪಸ್ ಬಂದಿತ್ತು. ಅದೇ ತಿಂಗಳು ಕ್ವಾಲಿಸ್ ಅನ್ನುವ ಭದ್ರತಾ ಸಂಸ್ಥೆ ಕ್ಯೂಸಾರ್ಟ್ ಬಗ್ಗೆ ಇನ್ನೊಂದು ವಿಷಯ ಹೊರಹಾಕಿತು. ಹೋಲಿಕೆಯ ಫಂಕ್ಷನ್ ತಪ್ಪಾಗಿದ್ದರೆ ಜಿಲಿಬ್‌ಸಿಯ ಕ್ಯೂಸಾರ್ಟ್ ಅರೇಯ ಹೊರಗೂ ಕೈಹಾಕಬಹುದಿತ್ತು.

ಆ ತಪ್ಪು ಯಾವುದು ಗೊತ್ತಾ? ನಮ್ಮಲ್ಲಿ ಅರ್ಧ ಜನ ಬರೆಯುವುದೇ: ‘ರಿಟರ್ನ್ ಎ ಮೈನಸ್ ಬಿ’. ಎ 200 ಕೋಟಿ, ಬಿ ಮೈನಸ್ 200 ಕೋಟಿ ಇದ್ದರೆ ವ್ಯತ್ಯಾಸ 32 ಬಿಟ್ ಇಂಟ್‌ನಲ್ಲಿ ಹಿಡಿಸುವುದಿಲ್ಲ. ಎ ದೊಡ್ಡದು ಅನ್ನುವ ಬದಲು ಚಿಕ್ಕದು ಅಂತ ಉತ್ತರ ಬರಬಹುದು. ಎ ಬಿಗಿಂತ ದೊಡ್ಡದಾ ಅಂತ ಒಂದು ಸಲ, ಚಿಕ್ಕದಾ ಅಂತ ಒಂದು ಸಲ ಕೇಳಿ, ಆ ಎರಡು ಉತ್ತರಗಳನ್ನು ಕಳೆದು ಕಳಿಸಿ. ಲೈಬ್ರರಿ ಬಳಸಿದರೂ ಹೋಲಿಕೆಯ ಫಂಕ್ಷನ್ ನಮ್ಮದೇ ಕೋಡ್. ಕರಾರಿನಲ್ಲಿ ನಮ್ಮ ಕಡೆಯ ಷರತ್ತುಗಳೂ ಇರುತ್ತವೆ.

ಆರು ನಿಮಿಷದ ಲೋಡಿಂಗ್

ವೇಗದ ಬಗ್ಗೆ ಸ್ಟ್ಯಾಂಡರ್ಡ್ ಬಾಯಿ ಬಿಡುವುದೇ ಇಲ್ಲ ಅಂದೆ. ಇದರ ಪರಿಣಾಮ ಏನು ಅಂತ ನೋಡಲು ಜಿಟಿಎ ಆನ್‌ಲೈನ್ ಆಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪಿಸಿಯಲ್ಲಿ ಅದು ಲೋಡ್ ಆಗಲು ವರ್ಷಗಟ್ಟಲೆ ನಿಮಿಷಗಳನ್ನೇ ತೆಗೆದುಕೊಳ್ಳುತ್ತಿತ್ತು. 2021ರಲ್ಲಿ ಬೇಸತ್ತ ಒಬ್ಬ ಆಟಗಾರ ಸೋರ್ಸ್ ಕೋಡ್ ಇಲ್ಲದೆಯೇ ಒಳಗೆ ಇಣುಕಿದ. ಆಟ ಅಂಗಡಿಯ ಸಾಮಾನಿನ ಪಟ್ಟಿ ಇರುವ ಸುಮಾರು 10 ಎಂಬಿಯ ಜೇಸನ್ ಪಠ್ಯವನ್ನು ಓದುತ್ತಿತ್ತು. ಒಂದೊಂದೇ ಬೆಲೆ ಎತ್ತಿಕೊಳ್ಳಲು ಎಸ್‌ಸ್ಕ್ಯಾನ್‌ಎಫ್ ಬಳಸಿದ್ದರು. ಈ ಎಸ್‌ಸ್ಕ್ಯಾನ್‌ಎಫ್ ಕೆಲಸ ಶುರು ಮಾಡುವ ಮೊದಲು ಒಳಗಡೆ ಸ್ಟ್ರ್‌ಲೆನ್ ಕರೆಯುತ್ತದೆ. ಅಂದರೆ ಎರಡಕ್ಷರದ ಒಂದು ಸಂಖ್ಯೆ ಓದಲು ಉಳಿದ ಅಷ್ಟೂ ಎಂಬಿಯ ಉದ್ದ ಅಳೆಯುವುದು. ಮುಂದಿನ ಸಂಖ್ಯೆಗೆ ಮತ್ತೆ ಅಳೆಯುವುದು. ಹೀಗೇ ಕೊನೆಯವರೆಗೆ.

ಇಷ್ಟು ಕೇಳಿ ‘ನೋಡಿದ್ರಾ, ಲೈಬ್ರರಿ ನಿಧಾನ’ ಅನ್ನಬೇಡಿ. ಕಥೆಯ ಇನ್ನರ್ಧ ಇದೆ. ಓದಿದ ಮೇಲೆ ಅದೇ ಸಾಮಾನು ಮೊದಲೇ ಬಂದಿದೆಯಾ ಅಂತ ನೋಡಲು ಆಟದವರು ತಮ್ಮದೇ ಕೋಡ್ ಬರೆದಿದ್ದರು. ಅದು ಪಟ್ಟಿಯನ್ನು ಮೊದಲಿನಿಂದ ಒಂದೊಂದಾಗಿ ನೋಡುತ್ತಿತ್ತು. ಸುಮಾರು 63,000 ಸಾಮಾನು. ಲೆಕ್ಕ ಹಾಕಿದರೆ ಸುಮಾರು 198 ಕೋಟಿ ಹೋಲಿಕೆ. ಪಟ್ಟಿ ಪೂರ್ತಿ ಜಾಲಾಡದೆ ನೇರವಾಗಿ ಹುಡುಕಿಕೊಡುವ ಒಂದು ಹ್ಯಾಶ್ ಟೇಬಲ್ ಇದ್ದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಸಿ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಬಳಸುವಂಥ ಹ್ಯಾಶ್ ಟೇಬಲ್ ಇಲ್ಲ ಅನ್ನುವುದು ನಿಮಗೆ ಗೊತ್ತು. ಇದು ನಾವೇ ಬರೆಯಬೇಕಾದ, ಇಲ್ಲವೇ ಬೇರೆ ಒಳ್ಳೆಯ ಲೈಬ್ರರಿಯಿಂದ ತರಬೇಕಾದ ಕಡೆ.

ಆ ಆಟಗಾರ ಎರಡನ್ನೂ ಸರಿಮಾಡಿ ತೋರಿಸಿದ. ಅವನ ಪಿಸಿಯಲ್ಲಿ ಆರು ನಿಮಿಷದ ಲೋಡಿಂಗ್ ಎರಡು ನಿಮಿಷದ ಒಳಗೆ ಬಂತು. ಕಂಪನಿ ಒಪ್ಪಿಕೊಂಡು ಅಪ್‌ಡೇಟ್ ಬಿಟ್ಟಿತು, ಅವನಿಗೆ 10,000 ಡಾಲರ್ ಕೊಟ್ಟಿತು. ಲೈಬ್ರರಿಯ ಫಂಕ್ಷನ್ ಒಂದು, ಸ್ವಂತ ಕೋಡ್ ಒಂದು. ಎರಡರಲ್ಲೂ ಯಾರೂ ‘ಇದು ಎಷ್ಟು ಸಲ ನಡೆಯುತ್ತೆ?’ ಅಂತ ಕೇಳಿರಲಿಲ್ಲ. ಎಲ್ಲಿ ಎಷ್ಟು ಹೊತ್ತು ಹೋಗುತ್ತಿದೆ ಅಂತ ಅಳೆಯುವ ಪ್ರೊಫೈಲರ್ ಹಾಕಿ ನೋಡದೆ ಲೈಬ್ರರಿ ಬದಲಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ. ಎಲ್ಲಿ ನಿಧಾನವಾಗುತ್ತಿದೆ ಅಂತ ಊಹಿಸಿದರೆ ಸಾಮಾನ್ಯವಾಗಿ ತಪ್ಪು ಜಾಗವನ್ನೇ ತೋರಿಸುತ್ತೇವೆ.

ಸ್ವಂತ ಅಲೊಕೇಟರ್‌ನ ಬೆಲೆ

ಮೆಮೊರಿ ಹಂಚಿಕೊಡುವ ಫಂಕ್ಷನ್ (ಅಲೊಕೇಟರ್) ಮ್ಯಾಲಾಕ್ ನಿಧಾನ ಅನ್ನುವ ದೂರು ಬಹಳ ಹಳೆಯದು. ಇಂಟರ್‌ನೆಟ್ ಸಂಪರ್ಕಗಳನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ತಂಡದವರಿಗೂ ಕೆಲವು ಯಂತ್ರಗಳಲ್ಲಿ ಹಾಗೆ ಅನ್ನಿಸಿತ್ತು. ಬಿಟ್ಟುಕೊಟ್ಟ ಮೆಮೊರಿಯನ್ನು ಸಿಸ್ಟಂಗೆ ಮರಳಿಸದೆ ತಮ್ಮದೇ ಪಟ್ಟಿಯಲ್ಲಿ ಇಟ್ಟುಕೊಂಡು ಮತ್ತೆ ಬಳಸುವ ವ್ಯವಸ್ಥೆ ಮಾಡಿಕೊಂಡರು. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಬಯಲಾಯಿತು. ಕಳಿಸಿದವನು ಹೇಳಿದ ಉದ್ದವನ್ನು ಪರೀಕ್ಷಿಸದೆ, ಪಕ್ಕದ ಮೆಮೊರಿಯನ್ನೂ ಸೇರಿಸಿ 64 ಕೆಬಿಯವರೆಗೆ ವಾಪಸ್ ಕಳಿಸುವ ಬಗ್ ಅದು. ಅದರ ಮೂಲ ಕಾರಣ ಅಲೊಕೇಟರ್ ಅಲ್ಲ. ಆದರೆ ಓಪನ್‌ಬಿಎಸ್‌ಡಿಯಂಥ ಸಿಸ್ಟಂಗಳ ಮ್ಯಾಲಾಕ್‌ನಲ್ಲಿ ಇಂಥ ಅತಿಕ್ರಮಣ ಹಿಡಿಯುವ ಕಾವಲು ಇತ್ತು. ಸ್ವಂತ ಪಟ್ಟಿ ಆ ಕಾವಲನ್ನು ಪಕ್ಕಕ್ಕೆ ಸರಿಸಿತ್ತು. ಆ ಪಟ್ಟಿಯನ್ನು ಆಫ್ ಮಾಡಿ ನೋಡಿದರೆ ಓಪನ್‌ಎಸ್‌ಎಸ್‌ಎಲ್ ಸರಿಯಾಗಿ ಓಡಲೇ ಇಲ್ಲ. ಬಿಟ್ಟುಕೊಟ್ಟ ಮೆಮೊರಿಯಲ್ಲಿ ಹಳೆಯದು ಹಾಗೇ ಇರುತ್ತದೆ ಅಂತ ಕೋಡ್‌ನ ಒಂದು ಭಾಗ ನಂಬಿಕೊಂಡಿತ್ತು. ಸ್ವಂತ ಕೋಡ್ ಎಲ್ಲರಿಂದಲೂ ಬಗ್ಗನ್ನು ಮುಚ್ಚಿಟ್ಟಿತ್ತು.

ನಾವು ಬರೆದದ್ದನ್ನು ಬೇರೆ ಯಾರೂ ಬಳಸುವುದಿಲ್ಲ. ಹಾಗಾಗಿ ಬೇರೆ ಯಾರೂ ಅದರ ತಪ್ಪು ಹುಡುಕುವುದಿಲ್ಲ. ವಾಲ್‌ಗ್ರೈಂಡ್, ಅಡ್ರೆಸ್ ಸ್ಯಾನಿಟೈಜರ್‌ನಂಥ ಮೆಮೊರಿ ತಪ್ಪು ಹಿಡಿಯುವ ಸಾಧನಗಳು ಸ್ಟ್ಯಾಂಡರ್ಡ್ ಮ್ಯಾಲಾಕ್‌ನ ಪ್ರತಿ ಹೆಜ್ಜೆಯನ್ನೂ ಬಲ್ಲವು. ನಿಮ್ಮ ಅಲೊಕೇಟರ್ ಬಗ್ಗೆ ನೀವೇ ಹೇಳಿಕೊಡದಿದ್ದರೆ ಅವುಗಳಿಗೆ ಏನೂ ಗೊತ್ತಾಗುವುದಿಲ್ಲ.

ಕನ್ನಡ ಪಠ್ಯ ಬಂದಾಗ

ಇನ್ನು ನಮಗೆ ನೇರವಾಗಿ ತಟ್ಟುವ ವಿಷಯ. ‘ಕನ್ನಡ’ ಅನ್ನುವ ಪದವನ್ನು ಸ್ಟ್ರ್‌ಲೆನ್‌ಗೆ ಕೊಟ್ಟರೆ ಎಷ್ಟು ಬರುತ್ತದೆ? ಸಭೆಯಲ್ಲಿ ಕೆಲವರು ಮೂರು ಅಂದರು, ಕೆಲವರು ಐದು ಅಂದರು. ಯುನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಬರುವುದು 15. ಕ, ನ, ವಿರಾಮ (್), ನ, ಡ ಅಂತ ಐದು ಕೋಡ್‌ಪಾಯಿಂಟ್‌ಗಳು, ಅಂದರೆ ಯುನಿಕೋಡ್ ಸಂಖ್ಯೆ ಕೊಟ್ಟ ಚಿಹ್ನೆಗಳು. ಒಂದೊಂದಕ್ಕೆ ಮೂರು ಬೈಟ್. ಸ್ಟ್ರ್‌ಲೆನ್ ತಪ್ಪು ಹೇಳಿಲ್ಲ. ಬೈಟ್ ಎಣಿಸುತ್ತೇನೆ ಅನ್ನುವುದೇ ಅದರ ಕರಾರು. ಬಫರ್‌ಗೆ ಜಾಗ ಹಂಚುವಾಗ ನಿಮಗೆ ಬೇಕಾದದ್ದೂ ಅದೇ 15. ಪರದೆಯ ಮೇಲೆ ಮೂರು ಅಕ್ಷರ ಕಾಣುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ.

ಹೆಸರಿಗೆ 20 ಬೈಟ್ ಜಾಗ ಇಟ್ಟು ಎಸ್‌ಎನ್‌ಪ್ರಿಂಟ್‌ಎಫ್‌ನಿಂದ ತುಂಬಿದರೆ, ನಲ್ ಕಳೆದು 19 ಬೈಟ್. ಆರು ಕೋಡ್‌ಪಾಯಿಂಟ್ ಹಿಡಿಯುತ್ತದೆ, ಏಳನೆಯದರ ಒಂದು ಬೈಟ್ ಮಾತ್ರ ಉಳಿಯುತ್ತದೆ. ಉದ್ದದ ಹೆಸರಿನ ಕೊನೆಗೆ ಕಾಣುವ ಕರಿ ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಹೀಗೆ ಬಂದದ್ದು. ಇಲ್ಲಿ ಪುಟ್ಟ ಸ್ವಂತ ಫಂಕ್ಷನ್ ಬೇಕು. ಕತ್ತರಿಸಬೇಕಾದ ಜಾಗದಿಂದ ಹಿಂದಕ್ಕೆ ಬನ್ನಿ. ಯುಟಿಎಫ್-8ರಲ್ಲಿ ಅಕ್ಷರದ ನಡುವಿನ ಬೈಟ್‌ಗಳು 128ರಿಂದ 191ರ ಒಳಗೆ ಇರುತ್ತವೆ. ಅದರ ಹೊರಗಿನ ಬೈಟ್ ಸಿಕ್ಕ ಕಡೆ ಒಂದು ಕೋಡ್‌ಪಾಯಿಂಟ್ ಶುರು. ಅಲ್ಲಿಗೆ ಕತ್ತರಿಸಿ. ಹತ್ತು ಸಾಲಿನ ಕೆಲಸ.

ಇಷ್ಟು ಮಾಡಿದರೂ ‘ಕ್ಷ’ದ ನಡುವೆ ಕತ್ತರಿ ಬಿದ್ದು ‘ಕ್’ ಉಳಿಯಬಹುದು. ಒತ್ತಕ್ಷರ ಸಮೇತ ಅಕ್ಷರದ ಗಡಿ ಬೇಕು ಅಂದರೆ ನಾವೇ ಬರೆಯಲು ಹೋಗಬಾರದು. ಐಸಿಯು ಅಂತ ಯುನಿಕೋಡ್ ಲೈಬ್ರರಿ ಇದೆ, ಅದನ್ನು ಬಳಸಿ. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಇಲ್ಲ ಅಂದ ತಕ್ಷಣ ಸ್ವಂತ ಕೋಡ್ ಅಂತ ಅರ್ಥವಲ್ಲ. ಕ್ರಿಪ್ಟೋಗ್ರಫಿ (ಗೂಢಲಿಪಿ) ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ ನಿಜ.

ಸಾರ್ಟಿಂಗ್‌ನಲ್ಲೂ ಹೀಗೇ. ಸ್ಟ್ರ್‌ಸಿಎಂಪಿ ಬೈಟ್‌ಗಳನ್ನು ಹೋಲಿಸುತ್ತದೆ. ಯುನಿಕೋಡ್‌ನಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ಮೇಲೆ ಬರಬೇಕು. ಹಾಗಾಗಿ ಸ್ಟ್ರ್‌ಸಿಎಂಪಿ ನಂಬಿದರೆ ‘ಬಸವ’ನಿಗಿಂತ ಮೊದಲು ‘ಬಳೆ’ ಬರುತ್ತದೆ. ಭಾಷೆಗೆ ತಕ್ಕ ಹೋಲಿಕೆಗೆ ಸ್ಟ್ರ್‌ಕಾಲ್ ಅಂತ ಸ್ಟ್ಯಾಂಡರ್ಡ್ ಫಂಕ್ಷನ್ ಇದೆ. ಅದರ ಫಲ ಆ ಯಂತ್ರದಲ್ಲಿ ಯಾವ ಲೊಕೇಲ್, ಅಂದರೆ ಭಾಷೆ-ಪ್ರದೇಶದ ಸೆಟ್ಟಿಂಗ್, ಇದೆ ಅನ್ನುವುದರ ಮೇಲೆ ನಿಂತಿದೆ. ಸರ್ವರ್‌ನಲ್ಲಿ ಕನ್ನಡ ಲೊಕೇಲ್ ಹಾಕಿದ್ದಾರಾ ಅಂತ ಮೊದಲು ನೋಡಿ.

ಕೊಟ್ಟದ್ದು ಅಕ್ಷರವೇ ಅಂತ ಹೇಳುವ ಐಎಸ್‌ಆಲ್ಫಾ ಬಗ್ಗೆ ಒಂದೇ ಮಾತು. ಅದಕ್ಕೆ ಅನ್‌ಸೈನ್ಡ್ ಕ್ಯಾರ್‌ನಲ್ಲಿ (ಮೈನಸ್ ಇಲ್ಲದ ಒಂದು ಬೈಟ್‌ನಲ್ಲಿ) ಹಿಡಿಸುವ ಬೆಲೆ ಅಥವಾ ಫೈಲ್ ಮುಗಿಯಿತು ಅನ್ನುವ ಇಒಎಫ್ ಮಾತ್ರ ಕೊಡಬೇಕು. ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಕ್ಯಾರ್ ಸೈನ್ಡ್. ಕನ್ನಡ ಅಕ್ಷರದ ಮೊದಲ ಬೈಟ್ 224, ಅದು ಅಲ್ಲಿ ಮೈನಸ್ 32 ಆಗುತ್ತದೆ. ವಿಷುಯಲ್ ಸ್ಟುಡಿಯೊದ ಡೀಬಗ್ ಬಿಲ್ಡ್‌ನಲ್ಲಿ ಅಸರ್ಟ್ ಬಡಿಯುತ್ತದೆ. ಬೇರೆ ಕಡೆ ಏನೂ ಆಗದ ಹಾಗೆ ಕಾಣಬಹುದು. ಇಂಗ್ಲಿಷ್ ಡೇಟಾದಲ್ಲಿ ಮಾತ್ರ ಟೆಸ್ಟ್ ಮಾಡಿದವರಿಗೆ ಇದು ಕಾಣುವುದೇ ಇಲ್ಲ.

ಸ್ವಂತ ಕೋಡ್ ಬರೆಯಲೇಬೇಕಾದಾಗ

ಕೆಲವು ಕಡೆ ಆಯ್ಕೆಯೇ ಇರುವುದಿಲ್ಲ. ನಿಮ್ಮಲ್ಲಿ ಬಹಳ ಜನ ಆರ್ಡುಯಿನೊ ಯುನೊ ಅನ್ನುವ ಪುಟ್ಟ ಬೋರ್ಡ್ ಆಡಿಸಿದ್ದೀರಿ. ಅದರ ಆರ್3 ಮಾದರಿಯಲ್ಲಿ 32 ಕೆಬಿ ಫ್ಲ್ಯಾಶ್ ಮೆಮೊರಿ, 2 ಕೆಬಿ ರ್‍ಯಾಮ್. ಅಲ್ಲಿನ ಸಿ ಲೈಬ್ರರಿ ಎವಿಆರ್ ಲಿಬ್‌ಸಿಯಲ್ಲಿ ಪ್ರಿಂಟ್‌ಎಫ್ ಬಗೆಯ ಫಂಕ್ಷನ್‌ನಿಂದ ದಶಮಾಂಶ ಸಂಖ್ಯೆ ಬರೆಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಜಾಗ ಉಳಿಸಲು ಆ ಭಾಗವನ್ನೇ ಬಿಟ್ಟಿದ್ದಾರೆ. ಉಷ್ಣಾಂಶ 27.5 ತೋರಿಸಲು ಅದನ್ನು 275 ಅಂತ ಇಂಟಿಜರ್‌ನಲ್ಲಿ ಇಟ್ಟುಕೊಂಡು, ಹತ್ತರಿಂದ ಭಾಗಿಸಿ, ನಡುವೆ ಚುಕ್ಕೆ ಇಡುವ ನಾಲ್ಕು ಸಾಲು ಸಾಕು.

ಎಸ್‌ಕ್ಯುಲೈಟ್ ಅನ್ನುವ ಡೇಟಾಬೇಸ್‌ನವರು ಪ್ರಿಂಟ್‌ಎಫ್ ತಾವೇ ಬರೆದುಕೊಂಡಿರುವುದಕ್ಕೆ ಕಾರಣ ಬೇರೆ. ಸ್ಟ್ಯಾಂಡರ್ಡ್ ಪ್ರಿಂಟ್‌ಎಫ್ ಲೊಕೇಲ್ ನೋಡಿಕೊಂಡು ದಶಮಾಂಶದ ಚುಕ್ಕೆಯ ಜಾಗದಲ್ಲಿ ಕಾಮಾ ಹಾಕಬಹುದು. ಜರ್ಮನ್ ಲೊಕೇಲ್‌ನಲ್ಲಿ ಹಾಗೇ ಆಗುತ್ತದೆ. ಓದುಗರಿಗೆ ಅದು ಸೌಕರ್ಯ. ಡೇಟಾಬೇಸ್‌ಗೆ ಅದು ಅನಾಹುತ. ಎಲ್ಲ ಯಂತ್ರದಲ್ಲೂ ಒಂದೇ ಫಲ ಬರಬೇಕು ಅನ್ನುವ ಕರಾರು ಅವರಿಗೆ ಬೇಕಿತ್ತು. ಜೊತೆಗೆ ಎಸ್‌ಕ್ಯುಎಲ್‌ನ ಕೋಟ್‌ಗಳನ್ನು ಸರಿಯಾಗಿ ನಿಭಾಯಿಸುವ ಸ್ವಂತ ಸಂಕೇತಗಳನ್ನೂ ಸೇರಿಸಿಕೊಂಡರು.

ಪಾಸ್‌ವರ್ಡ್ ಅಳಿಸುವುದು ಇನ್ನೊಂದು. ಬಳಸಿ ಮುಗಿದ ಬಫರ್‌ಗೆ ಮೆಮ್‌ಸೆಟ್‌ನಿಂದ ಸೊನ್ನೆ ತುಂಬಿದರೆ, ‘ಇದನ್ನು ಮುಂದೆ ಯಾರೂ ಓದುವುದಿಲ್ಲ’ ಅಂತ ಕಂಪೈಲರ್ ಆ ಸಾಲನ್ನೇ ತೆಗೆಯಬಹುದು. ಕರಾರಿನ ಪ್ರಕಾರ ಅದು ಸರಿ. ಸ್ವಂತ ಲೂಪ್ ಬರೆದರೂ ಅದೇ ಗತಿ. ಇಲ್ಲಿ ಕಂಪೈಲರ್ ತೆಗೆದುಹಾಕದ ಹಾಗೆ ಸೊನ್ನೆ ತುಂಬುವ ಎಕ್ಸ್‌ಪ್ಲಿಸಿಟ್_ಬಿಝೀರೊ ಬಳಸಿ. ಜಿಲಿಬ್‌ಸಿಯಲ್ಲಿ 2017ರಿಂದ ಇದೆ. ಸಿ23ರಲ್ಲಿ ಮೆಮ್‌ಸೆಟ್_ಎಕ್ಸ್‌ಪ್ಲಿಸಿಟ್ ಅಂತ ಸ್ಟ್ಯಾಂಡರ್ಡ್‌ಗೇ ಬಂದಿದೆ.

ಬರೆಯುವಾಗ ಸ್ಟ್ಯಾಂಡರ್ಡ್ ಹೆಸರನ್ನು ಕದಿಯಬೇಡಿ. ‘ಎಸ್‌ಟಿಆರ್’ ಅಂತ ಶುರುವಾಗಿ ಮುಂದೆ ಸಣ್ಣ ಅಕ್ಷರ ಬರುವ ಹೆಸರುಗಳನ್ನು ಸ್ಟ್ಯಾಂಡರ್ಡ್ ತನಗೇ ಕಾಯ್ದಿರಿಸಿಕೊಂಡಿದೆ. ಪ್ರಾಜೆಕ್ಟ್‌ನ ಹೆಸರನ್ನು ಮುಂದೆ ಇಟ್ಟು ಬೇರೆ ಹೆಸರು ಕೊಡಿ. ಹೆಡರ್‌ನಲ್ಲಿ ಕರಾರು ಬರೆಯಿರಿ: ಜಾಗ ಸಾಲದಿದ್ದರೆ ಏನು, ನಲ್ ಪಾಯಿಂಟರ್ ಬಂದರೆ ಏನು, ಎರಡು ಬಫರ್ ಒಂದರ ಮೇಲೊಂದು ಬಂದರೆ ಏನು. ಇದೇ ಕೆಲಸದ ಸ್ಟ್ಯಾಂಡರ್ಡ್ ಫಂಕ್ಷನ್ ಇದ್ದರೆ ಅದಕ್ಕೂ ನಿಮ್ಮದಕ್ಕೂ ಒಂದೇ ರ್‍ಯಾಂಡಮ್ ಇನ್‌ಪುಟ್ ಕೊಟ್ಟು, ಸ್ಯಾನಿಟೈಜರ್ ಆನ್ ಮಾಡಿ, ಲಕ್ಷಗಟ್ಟಲೆ ಸಲ ಓಡಿಸಿ ಹೋಲಿಸಿ. ಇಷ್ಟು ಮಾಡಲು ಬೇಜಾರು ಅನ್ನಿಸಿದರೆ ಸ್ವಂತ ಕೋಡ್ ಬೇಕಾಗಿಲ್ಲ ಅಂತಲೇ ನಾನು ತಿಳಿಯುತ್ತೇನೆ.

ಸಭೆಯ ಪ್ರಶ್ನೆಗಳು

ಒಬ್ಬರು ಕೇಳಿದರು: ‘ಸರ್, ಇಂಟರ್‌ವ್ಯೂನಲ್ಲಿ ಎಟಾಯ್ ನೀವೇ ಬರೆಯಿರಿ ಅಂತಾರೆ. ಏನು ಮಾಡೋದು?’ ಎಟಾಯ್ ಅಂದರೆ ಸ್ಟ್ರಿಂಗ್‌ನಲ್ಲಿರುವ ಅಂಕಿಗಳನ್ನು ಇಂಟ್ ಮಾಡುವ ಫಂಕ್ಷನ್. ಬರೆಯಿರಿ, ಅದು ಅಭ್ಯಾಸಕ್ಕೆ ಒಳ್ಳೆಯದೇ. ಬರೆಯುವ ಮೊದಲು ‘2147483648 ಬಂದರೆ ಏನು ವಾಪಸ್ ಕೊಡಲಿ?’ ಅಂತ ಕೇಳಿ. 32 ಬಿಟ್ ಇಂಟ್‌ನಲ್ಲಿ ಅದು ಹಿಡಿಸುವುದಿಲ್ಲ. ಸ್ಟ್ಯಾಂಡರ್ಡ್ ಎಟಾಯ್ ಆಗ ಏನು ಮಾಡುತ್ತದೆ ಅಂತ ಕರಾರಿನಲ್ಲೇ ಇಲ್ಲ. ಕೆಲಸದ ಕೋಡ್‌ನಲ್ಲಿ ಸ್ಟ್ರ್‌ಟಾಲ್ ಬಳಸಿ. ಎಲ್ಲಿಯವರೆಗೆ ಓದಿದೆ, ಮಿತಿ ಮೀರಿತಾ ಅಂತ ಅದು ಹೇಳುತ್ತದೆ. ಆದರೆ ಅದರ ಜೋಡಿ ಸ್ಟ್ರ್‌ಟಿಒಯುಎಲ್ ಮೈನಸ್ 1ನ್ನೂ ಸಂತೋಷವಾಗಿ ಒಪ್ಪಿಕೊಂಡು ಭಾರೀ ದೊಡ್ಡ ಸಂಖ್ಯೆ ಕೊಡುತ್ತದೆ. ಅದನ್ನೂ ಗಮನಿಸಿ.

ಇನ್ನೊಬ್ಬರದು ಕಷ್ಟದ ಪ್ರಶ್ನೆ. ಅವರ ಬಳಿ ಹಳೆಯ ಕೋಡ್ ಇದೆ, ತುಂಬಾ ಸ್ಟ್ರ್‌ಕಾಪಿ, ಎಸ್‌ಪ್ರಿಂಟ್‌ಎಫ್. ಎಲ್ಲವನ್ನೂ ಒಂದೇ ಸಲ ಬದಲಿಸಬೇಕಾ?

ಬೇಡ. ಎಡಿಟರ್‌ನಲ್ಲಿ ಹುಡುಕಿ ಸ್ಟ್ರ್‌ಕಾಪಿಯನ್ನೆಲ್ಲ ಸ್ಟ್ರ್‌ಎನ್‌ಕಾಪಿ ಮಾಡಿದರೆ ಹಳೆಯ ಬಗ್ ಜೊತೆ ಹೊಸ ಬಗ್ ಬರುತ್ತದೆ. ಮೊದಲು ಹೊಸದಾಗಿ ಸೇರುವುದನ್ನು ನಿಲ್ಲಿಸಿ. ಗಿಟ್ ಪ್ರಾಜೆಕ್ಟ್‌ನವರು 2018ರಲ್ಲಿ ಒಂದು ಪುಟ್ಟ ಹೆಡರ್ ಸೇರಿಸಿದರು. ಸ್ಟ್ರ್‌ಕಾಪಿ, ಸ್ಟ್ರ್‌ಕ್ಯಾಟ್, ಎಸ್‌ಪ್ರಿಂಟ್‌ಎಫ್ ಇಂಥವನ್ನು ಮ್ಯಾಕ್ರೊ ಮಾಡಿ, ಯಾರಾದರೂ ಬಳಸಿದರೆ ಕಂಪೈಲ್ ಆಗದ ಹಾಗೆ ಮಾಡಿದರು. ನಿಮ್ಮ ಹಳೆಯ ಫೈಲ್‌ಗಳಿಗೆ ಸದ್ಯ ವಿನಾಯಿತಿ ಕೊಡಿ, ಹೊಸ ಫೈಲ್‌ಗಳಿಗೆ ಬೇಡ. ಆಮೇಲೆ ಹೊರಗಿನ ಡೇಟಾ ಒಳಗೆ ಬರುವ ಜಾಗಗಳಿಂದ ಶುರು ಮಾಡಿ: ನೆಟ್‌ವರ್ಕ್, ಫೈಲ್, ಕಮಾಂಡ್ ಲೈನ್. ಒಂದೊಂದರಲ್ಲೂ ಬಫರ್‌ನ ಅಳತೆ ಆ ಫಂಕ್ಷನ್‌ವರೆಗೆ ತಲುಪುತ್ತಿದೆಯಾ ನೋಡಿ. ಎಷ್ಟೋ ಕಡೆ ಪಾಯಿಂಟರ್ ಮಾತ್ರ ಬರುತ್ತದೆ, ಅಳತೆ ಬರುವುದೇ ಇಲ್ಲ. ಅಲ್ಲಿ ಯಾವ ಕಾಪಿ ಫಂಕ್ಷನ್ ಹಾಕಿದರೂ ಅಷ್ಟೇ. ಮೊದಲು ಆ ಫಂಕ್ಷನ್‌ಗೆ ಒಂದು ಸೈಜ್ ಪ್ಯಾರಾಮೀಟರ್ ಸೇರಿಸಿ.